ಕೆಂಪು ವಹಿ, ಹತ್ತು ಹೆಸರು

ಲಾತೂರು ಜಿಲ್ಲೆಯ ಉದಗೀರಿನ ಅಡತ್ (ದಲಾಲಿ) ಅಂಗಡಿಯಲ್ಲಿ ಲೆಕ್ಕದ ಪುಸ್ತಕ ಒಬ್ಬನ ಕೈಯಲ್ಲಿ, ಹೊಣೆಯೂ ಅವನ ತಲೆಯ ಮೇಲೆ. ಮುಂಬಯಿಯ ಷೇರು ಮಾರಾಟಗಳಲ್ಲಿ, ಸಾವಿರಾರು ಕೋಟಿಯ ಸಾಲಪತ್ರಗಳಲ್ಲಿ ಒಂದೇ ಪುಸ್ತಕಕ್ಕೆ ಏಳೆಂಟು ಕೈ, ಕೆಲವೊಮ್ಮೆ ಹತ್ತು. ಅವರಿಗೆ ‘ಜಾಯಿಂಟ್ ಬುಕ್‌ರನ್ನರ್’ ಎಂದು ಹೆಸರು. ಮಾಲು ಉಳಿದರೆ ಹೊರುವವರು ಯಾರು?

ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಉದಗೀರಿನ ಮೊಂಢಾದಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಒಂದು ಗಳಿಗೆ ನಿಲ್ಲಬೇಕು. ಸೋಯಾಬೀನಿನ ಧೂಳು ಇನ್ನೂ ಗಾಳಿಯಲ್ಲೇ ಇರುತ್ತದೆ. ಅಡತ್ ಅಂಗಡಿಗಳ ಗಾದಿಗೆ ಹೊಸ ಬಿಳಿ ಹಾಸು. ಅದರ ಮೇಲೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ, ಪಕ್ಕದಲ್ಲಿ ತಕ್ಕಡಿ, ಚಂಡುಹೂವು, ಅರಳು, ಬತ್ತಾಸು.

ವಹಿಯ ಮೊದಲ ಪುಟಕ್ಕೆ ಕುಂಕುಮದ ಸ್ವಸ್ತಿಕ. ಒಂದು ಬದಿಗೆ ‘ಶುಭ’, ಇನ್ನೊಂದು ಬದಿಗೆ ‘ಲಾಭ’. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿ ವರ್ಷಗಳಾದವು. ಆದರೂ ಪೂಜೆ ವಹಿಗೇ. ಕಂಪ್ಯೂಟರಿಗೂ ಒಂದು ಬೊಟ್ಟು ಬೀಳುತ್ತದೆ, ಅಷ್ಟೆ.

ಅಂಗಡಿಯೊಳಗೆ ಮರಾಠಿ. ಹಮಾಲರ ಕೂಗಿನಲ್ಲಿ ದಖನಿ. ಚೀಲದ ಬಳಿ ಕುಕ್ಕರಗಾಲಲ್ಲಿ ಕುಳಿತ ರೈತ ಫೋನಿನಲ್ಲಿ ಮನೆಯವರೊಡನೆ ಆಡುವುದು ಕನ್ನಡ. ಅವನು ಕಾಯುತ್ತಿರುವುದು ಪಟ್ಟಿಗೆ. ತೂಕ, ದರ, ಹಮಾಲಿ, ತೋಲಾಯಿ, ಮೊದಲೇ ತಂದಿದ್ದ ಉಚಲ್, ಎಲ್ಲ ಕಳೆದು ಕೈಗೆ ಬರುವ ಮೊತ್ತ ಬರೆದಿರುವ ತುಂಡು ಕಾಗದ.

ಆ ರೈತನ ಮಾಲು ಕೊಂಡವನು ಲಾತೂರಿನ ಗಿರಣಿಯವನಿರಬಹುದು, ಹೈದರಾಬಾದಿನ ವ್ಯಾಪಾರಿಯಿರಬಹುದು. ರೈತ ಅವನ ಮುಖ ನೋಡಿಲ್ಲ, ನೋಡಬೇಕಾಗಿಯೂ ಇಲ್ಲ. ಅವನಿಗೆ ಗೊತ್ತಿರುವುದು ಅಡತಿ. ಕೊಂಡವನು ತಡಮಾಡಿದರೆ ದುಡ್ಡು ಹೊರಡಬೇಕಾದದ್ದು ಅಡತಿಯ ಗಲ್ಲಾದಿಂದ. ಮಾಲು ಅವನದಲ್ಲ, ಖರೀದಿಯೂ ಅವನದಲ್ಲ. ನಡುವೆ ನಿಂತು ಎರಡೂ ಕಡೆಯದನ್ನು ವಹಿಯಲ್ಲಿ ಬರೆದುಕೊಂಡದ್ದಕ್ಕೆ, ಮಾತು ಕೊಟ್ಟದ್ದಕ್ಕೆ ಅವನಿಗೆ ಅಡತ್ ಸಿಗುತ್ತದೆ. ಮಾತು ತಪ್ಪಿದರೆ ಮರುವರ್ಷ ಅವನ ಅಂಗಡಿಯ ಮುಂದೆ ಚೀಲ ಇಳಿಯುವುದಿಲ್ಲ.

ಪುಸ್ತಕ ಹಿಡಿಯುವುದು, ಮಾತು ಕೊಡುವುದು. ಈ ಎರಡು ಕೆಲಸಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂಬಯಿ, ಲಂಡನ್, ನ್ಯೂಯಾರ್ಕ್‌ಗಳ ದೊಡ್ಡ ಹಣಕಾಸಿನ ಅರ್ಧ ರಹಸ್ಯ ಬಿಡಿಸಿದಂತೆ. ಅಲ್ಲಿ ಮೊದಲನೆಯದನ್ನು ಬುಕ್‌ರನ್ನಿಂಗ್ ಎನ್ನುತ್ತಾರೆ, ಎರಡನೆಯದನ್ನು ಅಂಡರ್‌ರೈಟಿಂಗ್. ಒಂದೇ ಅಂಗಡಿಗೆ ಎತ್ತಲಾಗದಷ್ಟು ದೊಡ್ಡ ಮಾಲು ಬಂದಾಗ ಹಲವು ಅಂಗಡಿಗಳು ಸೇರಿ ಒಂದು ಪುಸ್ತಕ ತೆರೆಯುತ್ತವೆ. ಅವರೇ ಜಾಯಿಂಟ್ ಬುಕ್‌ರನ್ನರ್‌ಗಳು.

ಮನೆ ಬಾಗಿಲಿಗೆ ಬಂದ ಪುಸ್ತಕ

ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವವರು 2022ರ ಫೆಬ್ರುವರಿಯನ್ನು ನೆನೆಯಲಿ. ಜೀವ ವಿಮಾ ನಿಗಮದ ಪಾಲಿಸಿ ಇದ್ದವರಿಗೆಲ್ಲ ಆ ತಿಂಗಳು ಒಂದೇ ಸೂಚನೆ: 28ರೊಳಗೆ ಪಾಲಿಸಿಗೆ ಪ್ಯಾನ್ ನಂಬರ್ ಜೋಡಿಸಿ, ಡಿಮ್ಯಾಟ್ ಖಾತೆ ತೆರೆಯಿರಿ, ಎಲ್‌ಐಸಿಯ ಷೇರು ರಿಯಾಯಿತಿಯಲ್ಲಿ ಸಿಗುತ್ತದೆ. ಉಮರ್ಗಾ, ನಿಲಂಗಾದಂಥ ಊರುಗಳಲ್ಲಿ ಎಲ್‌ಐಸಿ ಪಾಲಿಸಿ ಎಂದರೆ ಮಗಳ ಮದುವೆಯ ಗಂಟು. ಷೇರುಪೇಟೆಯ ಹೆಸರು ಕೇಳಿದರೆ ದೂರ ಸರಿಯುವ ಮನೆಗಳಿಗೂ ಆ ಬೇಸಿಗೆಯಲ್ಲಿ ‘ಐಪಿಒ’ ಎಂಬ ಮೂರಕ್ಷರ ಬಂತು.

ಮೇ 4ರಿಂದ 9ರವರೆಗೆ, ಶನಿವಾರ ಭಾನುವಾರವನ್ನೂ ಬಿಡದೆ, ಅರ್ಜಿ ತೆಗೆದುಕೊಂಡರು. ಸರ್ಕಾರ ಮಾರಿದ್ದು ತನ್ನ ಶೇ 3.5ರಷ್ಟು ಪಾಲು, ಅಂದರೆ ಸುಮಾರು 22.13 ಕೋಟಿ ಷೇರು. ಬೆಲೆಯ ಅಂತರ 902ರಿಂದ 949 ರೂಪಾಯಿ. ಒಟ್ಟು ಮೊತ್ತ ಸುಮಾರು 21,000 ಕೋಟಿ. ಅಲ್ಲಿಯವರೆಗೆ ದೇಶ ಅಷ್ಟು ದೊಡ್ಡ ಐಪಿಒ ಕಂಡಿರಲಿಲ್ಲ.

ಆ ಪುಸ್ತಕ ಹಿಡಿದವರು ಹತ್ತು ಮಂದಿ: ಕೋಟಕ್ ಮಹೀಂದ್ರ ಕ್ಯಾಪಿಟಲ್, ಗೋಲ್ಡ್‌ಮನ್ ಸ್ಯಾಕ್ಸ್, ಸಿಟಿ, ನೊಮುರಾ, ಬ್ಯಾಂಕ್ ಆಫ್ ಅಮೆರಿಕ, ಜೆಎಂ ಫೈನಾನ್ಷಿಯಲ್, ಜೆಪಿ ಮಾರ್ಗನ್, ಆ್ಯಕ್ಸಿಸ್ ಕ್ಯಾಪಿಟಲ್, ಐಸಿಐಸಿಐ ಸೆಕ್ಯುರಿಟೀಸ್, ಎಸ್‌ಬಿಐ ಕ್ಯಾಪಿಟಲ್. ನಮ್ಮ ಕಾನೂನಿನ ಭಾಷೆಯಲ್ಲಿ ಇವರು ‘ಬುಕ್ ರನ್ನಿಂಗ್ ಲೀಡ್ ಮ್ಯಾನೇಜರ್’ಗಳು.

ಪಾಲಿಸಿದಾರರು ತಮಗೆ ಮೀಸಲಿಟ್ಟದ್ದಕ್ಕಿಂತ ಆರು ಪಟ್ಟು ಹೆಚ್ಚು ಕೇಳಿದರು. ಬೆಲೆ ಮೇಲಿನ ತುದಿಯಲ್ಲೇ, 949ಕ್ಕೆ ನಿಂತಿತು. ಪಾಲಿಸಿದಾರರಿಗೆ 60 ರೂಪಾಯಿ, ಸಣ್ಣ ಹೂಡಿಕೆದಾರರಿಗೆ 45 ರೂಪಾಯಿ ಕಡಿತ. ಮೇ 17ರ ಬೆಳಿಗ್ಗೆ ಪೇಟೆ ತೆರೆದಾಗ ಷೇರು 867ರಿಂದ 872 ರೂಪಾಯಿಗೆ ಇಳಿದಿತ್ತು. ರಿಯಾಯಿತಿ ಪಡೆದ ಪಾಲಿಸಿದಾರನೂ ಆ ಬೆಳಿಗ್ಗೆ ನಷ್ಟದಲ್ಲಿದ್ದ.

ಹತ್ತು ಜನ ಸೇರಿ ಹಿಡಿದ ಪುಸ್ತಕ ಹೇಳಿದ ಬೆಲೆಯೊಂದು, ಪೇಟೆ ಹೇಳಿದ್ದು ಇನ್ನೊಂದು. ಪೇಟೆಯ ಏರಿಳಿತಕ್ಕೆ ಯಾರನ್ನೂ ಕಟ್ಟಿಹಾಕಲಾಗದು. ಉಕ್ರೇನ್ ಯುದ್ಧ, ಏರುತ್ತಿದ್ದ ಬಡ್ಡಿ, ಆ ತಿಂಗಳೇ ಹಾಗಿತ್ತು. ಆದರೂ ಹತ್ತು ಹೆಸರುಗಳಲ್ಲಿ ಆ ಬೆಲೆ ಯಾರದು ಎಂದು ಕೇಳುವ ಹಕ್ಕು ಪಾಲಿಸಿಯ ಗಂಟಿನಿಂದ ದುಡ್ಡು ತೆಗೆದವನಿಗೆ ಇದೆ.

ಟವೆಲಿನ ಕೆಳಗಿನ ಬೆರಳು

ಬುಕ್‌ರನ್ನರ್ ನಿಜವಾಗಿ ಮಾಡುವುದೇನು? ಇದನ್ನು ತಿಳಿಯಲು ಉದಗೀರ ತಾಲ್ಲೂಕಿನ ಹಾಳಿ–ಹಂಡರಗುಳಿಯ ದನದ ಪೇಟೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಪ್ಪು ಬಿಳುಪಿನ ದೇವಣಿ, ಕೆಂಪು ಕಂಧಾರಿ ಎತ್ತುಗಳು ಸೇರುವ ಜಾಗ. ಗಡಿಯ ಈಚೆಗೂ ಆಚೆಗೂ ದನದ ಪೇಟೆಯ ಹಳೆಯ ಪದ್ಧತಿಯೊಂದಿದೆ: ದಲಾಲ ಟವೆಲಿನ ಕೆಳಗೆ ಕೈ ಹಿಡಿಯುತ್ತಾನೆ. ಯಾವ ಬೆರಳು, ಎಷ್ಟು ಬೆರಳು, ಹೇಗೆ ಒತ್ತಿದ ಎನ್ನುವುದೇ ಬೆಲೆ. ಸುತ್ತ ನಿಂತವರಿಗೆ ಟವೆಲ್ ಕಾಣುತ್ತದೆ, ಬೆಲೆ ಕಾಣುವುದಿಲ್ಲ.

ಒಬ್ಬ ಎಷ್ಟಕ್ಕೆ ಕೊಡುತ್ತಾನೆ, ನಾಲ್ವರು ಎಷ್ಟೆಷ್ಟಕ್ಕೆ ಕೊಳ್ಳುತ್ತಾರೆ ಎಂಬುದು ಏಕಕಾಲಕ್ಕೆ ಗೊತ್ತಿರುವುದು ದಲಾಲನೊಬ್ಬನಿಗೇ. ಅವನ ಬಲವೆಲ್ಲ ಅಲ್ಲಿದೆ.

ಬುಕ್‌ರನ್ನರ್‌ನ ಬಲವೂ ಅದೇ. ದೊಡ್ಡ ಫಂಡ್‌ಗಳು, ವಿಮಾ ಕಂಪನಿಗಳು, ಬ್ಯಾಂಕುಗಳು ಯಾವ ಬೆಲೆಗೆ ಎಷ್ಟು ತೆಗೆದುಕೊಳ್ಳುತ್ತೇವೆ ಎಂದು ಅವನ ಬಳಿ ಬರೆಸುತ್ತವೆ. ಬರೆದದ್ದನ್ನು ಕೂಡಿಸಿ, ಯಾವ ಮಾತು ಗಟ್ಟಿ, ಯಾವುದು ಬರಿಯ ಸದ್ದು ಎಂದು ಅಳೆದು, ಅವನು ಕಂಪನಿಗೆ ಬೆಲೆ ಹೇಳುತ್ತಾನೆ. ಅಮೆರಿಕದಲ್ಲಿ ಆ ಪುಸ್ತಕ ಕೊನೆಯವರೆಗೂ ಮುಚ್ಚಿಯೇ ಇರುತ್ತದೆ. ಯಾರಿಗೆ ಎಷ್ಟು ಹಂಚಬೇಕೆಂಬುದೂ ಬುಕ್‌ರನ್ನರ್‌ನ ವಿವೇಚನೆ. ಭಾರತದಲ್ಲಿ ಟವೆಲನ್ನು ಬಹುಪಾಲು ಎತ್ತಿಹಾಕಿದ್ದೇವೆ. ಯಾವ ವರ್ಗದಿಂದ ಎಷ್ಟು ಪಟ್ಟು ಬೇಡಿಕೆ ಎಂದು ಎಕ್ಸ್‌ಚೇಂಜಿನ ಜಾಲತಾಣದಲ್ಲಿ ದಿನವಿಡೀ ಕಾಣುತ್ತದೆ, ಸಣ್ಣವರಿಗೆ ಹಂಚಿಕೆ ಚೀಟಿ ಎತ್ತಿದಂತೆ. ಷೇರುಪೇಟೆಯ ನಿಯಂತ್ರಕ ಸೆಬಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದನ್ನು ನಾನು ಮೊದಲು ಎಣಿಸುತ್ತೇನೆ. ಆದರೂ ಅರ್ಜಿ ತೆರೆಯುವ ಹಿಂದಿನ ದಿನ ‘ಆ್ಯಂಕರ್’ ಹೂಡಿಕೆದಾರರಿಗೆ ಎಷ್ಟು ಕೊಡಬೇಕೆಂಬುದು ಈಗಲೂ ಕಂಪನಿ ಮತ್ತು ಬುಕ್‌ರನ್ನರ್‌ಗಳ ಕೈಯಲ್ಲಿದೆ. ಎಲ್‌ಐಸಿಯಲ್ಲಿ ಹಾಗೆ 123 ಹೂಡಿಕೆದಾರರಿಂದ ಸುಮಾರು 5,627 ಕೋಟಿ ಬಂತು.

ಪುಸ್ತಕ ಹಿಡಿದವನಿಗೆ ಸುದ್ದಿ ಮೊದಲು ತಲುಪುತ್ತದೆ. ಉದಗೀರಿಗೆ ಇದರ ಒಂದು ದೊಡ್ಡ ನೆನಪಿದೆ. 1760ರ ಆರಂಭದಲ್ಲಿ ಇಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿದ ಮರಾಠಾ ಸೇನಾನಿ ಸದಾಶಿವರಾವ್ ಭಾವೂ ಅದೇ ವರ್ಷ ಉತ್ತರಕ್ಕೆ ಹೊರಟ. 1761ರ ಜನವರಿ 14ರಂದು ಪಾಣಿಪತದಲ್ಲಿ ಎಲ್ಲ ಮುಗಿಯಿತು. ಪೇಶ್ವೆಗೆ ಆ ಸುದ್ದಿ ಕೊಟ್ಟದ್ದು ಸೈನ್ಯದ ದೂತನಲ್ಲ; ಸಾಹುಕಾರರ ಒಂದು ಪತ್ರ. ಎರಡು ಮುತ್ತು ಕರಗಿವೆ, 27 ಚಿನ್ನದ ಮೊಹರು ಕಳೆದಿವೆ, ಬೆಳ್ಳಿ ತಾಮ್ರದ ಲೆಕ್ಕ ಹಾಕಲಾಗದು ಎಂಬರ್ಥದ, ಲೆಕ್ಕದ ಭಾಷೆಯ ಪತ್ರ. ಆ ಎರಡು ಮುತ್ತುಗಳಲ್ಲಿ ಒಂದು, ಉದಗೀರಿನಲ್ಲಿ ಗೆದ್ದ ಭಾವೂ. ಇನ್ನೊಂದು, ಪೇಶ್ವೆಯ ಮಗ ವಿಶ್ವಾಸರಾವ್.

ಬಾಕ್ಸ್: ಪದಗಳ ಹುಟ್ಟು

ಅಂಡರ್‌ರೈಟರ್: 17ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಯಲ್ಲಿ ಹಡಗಿನ ವಿಮೆಯ ಕಾಗದ ಕೈಯಿಂದ ಕೈಗೆ ಹೋಗುತ್ತಿತ್ತು. ನಷ್ಟವಾದರೆ ಇಷ್ಟು ಪಾಲು ನನ್ನದು ಎಂದು ಒಪ್ಪಿದವನು ಬರಹದ ಕೆಳಗೆ ಹೆಸರು ಬರೆಯುತ್ತಿದ್ದ. ಕೆಳಗೆ ಬರೆದವನೇ ಅಂಡರ್‌ರೈಟರ್.

ಜೋಖ್ಮಿ ಹುಂಡಿ: ನಮ್ಮ ಸಾಹುಕಾರರಲ್ಲೂ ಇದಕ್ಕೆ ಸಮನಾದದ್ದಿತ್ತು. ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಹಣ ಸಲ್ಲುವ ಹುಂಡಿ ಇದು. ಸರಕು ಮುಳುಗಿದರೆ ನಷ್ಟ ಹುಂಡಿ ಕೊಂಡವನದು. ಸಾಲ, ವಿಮೆ ಎರಡೂ ಒಂದೇ ಚೀಟಿಯಲ್ಲಿ.

ರೆಡ್ ಹೆರಿಂಗ್: ಬೆಲೆ ನಿಗದಿಯಾಗುವ ಮೊದಲಿನ ಪ್ರಾಸ್ಪೆಕ್ಟಸ್‌ಗೆ (ಷೇರು ಮಾರಾಟದ ವಿವರಪತ್ರಕ್ಕೆ) ಈ ಹೆಸರು. ಅಮೆರಿಕದಲ್ಲಿ ಅದರ ಮುಖಪುಟದ ಎಚ್ಚರಿಕೆಯನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕುತ್ತಿದ್ದರು.

1993, ಎರಡು ನೆನಪು

1992ರಲ್ಲಿ ಷೇರಿನ ಬೆಲೆಯನ್ನು ದೆಹಲಿಯ ಅಧಿಕಾರಿ ನಿಗದಿ ಮಾಡುವ ಪದ್ಧತಿ ಹೋಯಿತು. ಮರುವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ 95 ರೂಪಾಯಿಗೆ ಷೇರು ಮಾರಲು ಬಂತು. ಹತ್ತು ರೂಪಾಯಿ ಮುಖಬೆಲೆಗೆ 85 ಹೆಚ್ಚು. ಯಂತ್ರವಿಲ್ಲ, ಚಿಮಣಿಯಿಲ್ಲ, ಮಾರುವುದೇನೆಂದು ಜನಕ್ಕೆ ಅರ್ಥವಾಗಲಿಲ್ಲ. ಷೇರು ಪೂರ್ತಿ ಹೋಗಲಿಲ್ಲ.

ಆ ಕಂಪನಿ ಇನ್ಫೊಸಿಸ್. ಮಾರಾಟದ ಮುಂದಾಳು ಮುಂಬಯಿಯ ಏನಾಮ್ ಸಂಸ್ಥೆ. ಕೊರತೆ ಬಿದ್ದಾಗ ಮಾರ್ಗನ್ ಸ್ಟ್ಯಾನ್ಲಿ ಮುಂದೆ ಬಂದು ಅದೇ 95 ರೂಪಾಯಿಗೆ ಕಂಪನಿಯ ಶೇ 13ರಷ್ಟು ಪಾಲು ತೆಗೆದುಕೊಂಡಿತು. ಜೂನ್‌ನಲ್ಲಿ ವಹಿವಾಟು ಶುರುವಾದಾಗ ಬೆಲೆ 145. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಅದನ್ನು ಇಲ್ಲಿ ತರುವುದು ಲಾಭದ ಬೆರಗಿಗಲ್ಲ. ಯಾರೂ ಕೊಳ್ಳದ ದಿನ ಪಕ್ಕದಲ್ಲಿ ನಿಂತು ಕೊಳ್ಳುವವರೊಬ್ಬರು ಇರಬೇಕು. ಅಂಡರ್‌ರೈಟಿಂಗ್ ಎಂಬುದು ಇರುವುದೇ ಆ ಒಂದು ದಿನಕ್ಕಾಗಿ.

ಉಮರ್ಗಾದ ಕಡೆ 1993 ಎಂದರೆ ಬೇರೆಯೇ ನೆನಪು. ಸೆಪ್ಟೆಂಬರ್ 30ರ ನಸುಕು, 3 ಗಂಟೆ 56 ನಿಮಿಷಕ್ಕೆ ಭೂಕಂಪ. ಗಣೇಶನನ್ನು ಕಳಿಸಿ ಮಲಗಿದ್ದ ಊರುಗಳು. ಕಿಲ್ಲಾರಿ, ಸಾಸ್ತೂರು, ಸುತ್ತಲಿನ ಹಳ್ಳಿಗಳ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಜನರ ಮೇಲೆಯೇ ಬಿದ್ದವು. ಹತ್ತು ಸಾವಿರದ ಹತ್ತಿರ ಜೀವ ಹೋದವು. ಔಸಾ, ನಿಲಂಗಾ, ಉಮರ್ಗಾ ತಾಲ್ಲೂಕುಗಳಿಗೇ ಹೆಚ್ಚಿನ ಪೆಟ್ಟು.

ಆ ಊರುಗಳನ್ನು ಮತ್ತೆ ಕಟ್ಟಲು ಬಂದ ಹಣದ ದೊಡ್ಡ ಭಾಗ ಸಾಲವೇ. ವಿಶ್ವಬ್ಯಾಂಕ್ ಗುಂಪಿನ ಐಡಿಎ 1994ರಲ್ಲಿ 24.6 ಕೋಟಿ ಡಾಲರ್ ಕೊಟ್ಟಿತು. ಸಹಿ ಮಾಡಿದ್ದು ಭಾರತ ಸರ್ಕಾರ, ಖರ್ಚು ಮಾಡಿದ್ದು ಮಹಾರಾಷ್ಟ್ರ. 52 ಹಳ್ಳಿಗಳು ಪೂರ್ತಿಯಾಗಿ ಹೊಸ ಜಾಗಕ್ಕೆ ಹೋದವು. ಅಲ್ಲಿನ ಯಾವ ಮನೆಯವನೂ ಆ ಸಾಲಪತ್ರ ಓದಿರಲಿಕ್ಕಿಲ್ಲ. ಆದರೆ ತೀರಿಸುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಒಂದೇ ಉತ್ತರವಿತ್ತು.

ಟೋಲ್ ಗೇಟಿನ ಹಿಂದಿನ ಪುಸ್ತಕ

ಈಗ ಸಾಲದ ಕಡೆಗೆ. ಉಮರ್ಗಾದ ನಡುವೆ ಹಾದುಹೋಗುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನು ಜನ ಇನ್ನೂ ‘ನಂಬರ್ 9’ ಎನ್ನುತ್ತಾರೆ. ಸರ್ಕಾರದ ಹೊಸ ಎಣಿಕೆಯಲ್ಲಿ ಅದು 65. ಅದನ್ನು ನಾಲ್ಕು ಪಥ ಮಾಡುವ ಕೆಲಸವನ್ನು ಎರಡು ತುಂಡು ಮಾಡಿ ಕೊಟ್ಟರು. ಸೊಲ್ಲಾಪುರದಿಂದ ಕರ್ನಾಟಕದ ಗಡಿಯವರೆಗೆ ಸುಮಾರು 100 ಕಿಲೋಮೀಟರ್ ಒಂದು. ಗಡಿಯಿಂದ ಬಸವಕಲ್ಯಾಣದ ಅಡ್ಡರಸ್ತೆ, ಹುಮನಾಬಾದ್, ಜಹೀರಾಬಾದ್ ಮೇಲೆ ಸಂಗಾರೆಡ್ಡಿವರೆಗೆ ಸುಮಾರು 145 ಕಿಲೋಮೀಟರ್ ಇನ್ನೊಂದು. ಈ ಎರಡನೆಯದನ್ನು ಕಟ್ಟಿದ್ದು ಎಲ್ ಆ್ಯಂಡ್ ಟಿ ಡೆಕ್ಕನ್ ಟೋಲ್‌ವೇಸ್. ಎರಡೂ ಕಟ್ಟು, ನಡೆಸು, ಟೋಲ್ ವಸೂಲಿ ಮಾಡು, ಕೊನೆಗೆ ಒಪ್ಪಿಸು ಎಂಬ ‘ಬಿಒಟಿ’ ಪದ್ಧತಿಯವು.

ಇಂಥ ರಸ್ತೆಗೆ ಬೇಕಾದ ಹಣದ ಹೆಚ್ಚಿನ ಪಾಲು ಸಾಲ. ಒಂದೇ ಬ್ಯಾಂಕು ಅಷ್ಟನ್ನೂ ಕೊಡಲು ಹೆದರುತ್ತದೆ. ಒಂದೇ ಸಾಲಗಾರನಿಗೆ ಇಂತಿಷ್ಟಕ್ಕಿಂತ ಹೆಚ್ಚು ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ಮಿತಿಯೂ ಇದೆ. ಆಗ ಒಂದು ಅಥವಾ ಎರಡು ಮೂರು ಬ್ಯಾಂಕುಗಳು ಮುಂದೆ ಬಂದು, ಯೋಜನೆಯ ವಿವರ ಬರೆದು, ಉಳಿದ ಬ್ಯಾಂಕುಗಳ ಬಾಗಿಲು ತಟ್ಟಿ, ಯಾರು ಎಷ್ಟು ಕೊಡುತ್ತಾರೆಂದು ಬರೆದುಕೊಳ್ಳುತ್ತವೆ. ವಿದೇಶಿ ಸಾಲಗಳಲ್ಲಿ ಇವರನ್ನು ಅರೇಂಜರ್, ಬುಕ್‌ರನ್ನರ್ ಎನ್ನುತ್ತಾರೆ. ನಮ್ಮಲ್ಲಿ ಲೀಡ್ ಬ್ಯಾಂಕು, ಕನ್ಸಾರ್ಷಿಯಂ ಎಂಬ ಮಾತು ಹೆಚ್ಚು.

ಇಲ್ಲಿ ಎರಡು ಬಗೆ. ‘ಪ್ರಯತ್ನ ಮಾಡುತ್ತೇವೆ, ಸಿಕ್ಕಷ್ಟು ಕೊಡಿಸುತ್ತೇವೆ’ ಎನ್ನುವುದು ಒಂದು. ‘ಯಾರು ಬರಲಿ ಬಿಡಲಿ, ಪೂರ್ತಿ ಹಣ ನಮ್ಮದು’ ಎಂದು ಬರೆದುಕೊಡುವುದು ಇನ್ನೊಂದು. ಎರಡನೆಯದೇ ಅಂಡರ್‌ರೈಟಿಂಗ್, ಅದಕ್ಕೆ ಶುಲ್ಕವೂ ಹೆಚ್ಚು. ಈ ಮಾತು ಎಷ್ಟು ಭಾರ ಎನ್ನುವುದನ್ನು 2022ರ ಅಕ್ಟೋಬರ್ ತೋರಿಸಿತು. ಇಲಾನ್ ಮಸ್ಕ್ 4,400 ಕೋಟಿ ಡಾಲರ್‌ಗೆ ಟ್ವಿಟರ್ ಕೊಂಡಾಗ ಮಾರ್ಗನ್ ಸ್ಟ್ಯಾನ್ಲಿ, ಬ್ಯಾಂಕ್ ಆಫ್ ಅಮೆರಿಕ, ಬಾರ್ಕ್ಲೇಸ್ ಮೊದಲಾದ ಏಳು ಬ್ಯಾಂಕುಗಳು 1,300 ಕೋಟಿ ಡಾಲರ್ ಸಾಲಕ್ಕೆ ಹೀಗೆ ಮಾತು ಕೊಟ್ಟಿದ್ದವು. ಕೊಟ್ಟು, ಬೇರೆಯವರಿಗೆ ಹಂಚಿ ಹೊರಬರುವ ಲೆಕ್ಕ. ಬಡ್ಡಿ ಏರಿತು, ಟ್ವಿಟರ್‌ನ ಜಾಹೀರಾತು ಕುಸಿಯಿತು, ಕೊಳ್ಳುವವರು ಬರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಸಾಲ ಬ್ಯಾಂಕುಗಳ ಕೈಯಲ್ಲೇ ಉಳಿಯಿತು. 2025ರ ಮೊದಲ ತಿಂಗಳುಗಳಲ್ಲಿ ಹೋಗಿ ಅದು ಮಾರಾಟವಾಯಿತು.

ಇನ್ನು ಈ ಲೇಖನದ ಮೂಳೆ. ದೊಡ್ಡ ಸಾಲಪತ್ರಗಳ ಮುಖಪುಟದಲ್ಲಿ ಅರೇಂಜರ್, ಬುಕ್‌ರನ್ನರ್‌ಗಳ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಯಾರ ಹೆಸರು ಎಡಗಡೆ, ಯಾರದು ಮೊದಲು ಎಂದು ಬ್ಯಾಂಕುಗಳು ಚೌಕಾಸಿ ಮಾಡುತ್ತವೆ, ಏಕೆಂದರೆ ವರ್ಷದ ಕೊನೆಯ ಶ್ರೇಯಾಂಕ ಪಟ್ಟಿಗೆ ಆ ಹೆಸರೇ ಆಧಾರ. ಆದರೆ ಒಳಪುಟಗಳಲ್ಲಿ, ಲಂಡನ್ನಿನ ಸಾಲ ಪೇಟೆಯ ಮಾದರಿ ಕರಾರಿನಲ್ಲೇ, ಒಂದು ಕಲಂ ಇದೆ: ಬೇರೆ ಕಡೆ ಸ್ಪಷ್ಟವಾಗಿ ಹೇಳಿದ್ದನ್ನು ಬಿಟ್ಟರೆ ಅರೇಂಜರ್‌ಗೆ ಈ ಕರಾರಿನಲ್ಲಿ ಯಾರ ಬಗ್ಗೆಯೂ ಯಾವ ಹೊಣೆಯೂ ಇಲ್ಲ. ಸಹಿಯಾದ ಕ್ಷಣದಿಂದ ಕೆಲಸ ‘ಏಜೆಂಟ್’ ಎಂಬ ಇನ್ನೊಬ್ಬರ ಪಾಲು.

ಇನ್ನೊಂದು ಕಲಂ ಇನ್ನೂ ಮುಖ್ಯ. ಸಾಲ ಕೊಡುವವರ ಹೊಣೆ ಜಂಟಿಯಲ್ಲ, ಪ್ರತ್ಯೇಕ. ಒಬ್ಬ ತನ್ನ ಪಾಲು ಕೊಡದೆ ಕೈಯೆತ್ತಿದರೆ ಉಳಿದವರು ಅದನ್ನು ತುಂಬಬೇಕಿಲ್ಲ. ‘ಜಾಯಿಂಟ್’ ಎಂಬ ಪದ ಮುಖಪುಟದಲ್ಲಿದೆ. ಹೊಣೆಯ ಪುಟದಲ್ಲಿ ಅದಕ್ಕೆ ಜಾಗವಿಲ್ಲ.

ಇದನ್ನು ನಿಲಂಗಾದ ರೈತನ ಜಾಮೀನಿನ ಪಕ್ಕ ಇಟ್ಟು ನೋಡಿ. ಗೆಳೆಯನ ಸಾಲಕ್ಕೆ ಸೊಸೈಟಿಯಲ್ಲಿ ಸಹಿ ಮಾಡಿದವನ ಹೊಣೆ, 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಸಾಲಗಾರನ ಹೊಣೆಯಷ್ಟೇ. ಅರ್ಧವಲ್ಲ, ಪಾಲಲ್ಲ, ಪೂರ್ತಿ. ಸಾವಿರ ಕೋಟಿಯ ಪತ್ರದ ಮೇಲೆ ಹೆಸರು ಹಾಕಿಸಿಕೊಂಡವರಿಗೆ ವಕೀಲರು ಗೋಡೆ ಕಟ್ಟಿಕೊಡುತ್ತಾರೆ. ಎಮ್ಮೆ ಸಾಲಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ಗೋಡೆಯೇ ಇಲ್ಲ. ನನಗೆ ಈ ಅಂತರ ನೋವು ಕೊಡುತ್ತದೆ.

ಬಾಕ್ಸ್: ಟೋಲ್ ದುಡ್ಡು ಎಲ್ಲಿಗೆ?

ಬಿಒಟಿ ರಸ್ತೆಯಲ್ಲಿ ವಸೂಲಾದ ಟೋಲ್ ನೇರವಾಗಿ ಕಂಪನಿಯ ಜೇಬಿಗೆ ಹೋಗುವುದಿಲ್ಲ. ‘ಎಸ್ಕ್ರೋ’ ಎಂಬ ಕಾವಲು ಖಾತೆಗೆ ಬೀಳುತ್ತದೆ. ಅಲ್ಲಿಂದ ಗೊತ್ತುಪಡಿಸಿದ ಸರದಿಯಲ್ಲಿ ಹೊರಹೋಗುತ್ತದೆ: ಮೊದಲು ತೆರಿಗೆ, ಬಳಿಕ ಕಟ್ಟುವ ಮತ್ತು ನಿರ್ವಹಣೆಯ ಖರ್ಚು, ಪ್ರಾಧಿಕಾರದ ಬಾಕಿ, ಸಾಲದ ಕಂತು. ಕೊನೆಗೆ ಉಳಿದರೆ ಕಂಪನಿಗೆ. ಕಂಪನಿ ಕೈಕೊಟ್ಟರೆ ಅದರ ಜಾಗಕ್ಕೆ ಬೇರೊಬ್ಬರನ್ನು ತರುವ ಹಕ್ಕು ಸಾಲ ಕೊಟ್ಟ ಬ್ಯಾಂಕುಗಳಿಗಿದೆ.

ಗಾಳಿಯ ಸಾಲ, ಗದಗಿನ ಬೇರು

ಕರ್ನಾಟಕ, ಮಹಾರಾಷ್ಟ್ರಗಳ ಬಯಲಿನ ಗಾಳಿಗೂ ಈಗ ಇಂಥ ಪುಸ್ತಕ ತೆರೆದಿದೆ. 2022ರಲ್ಲಿ ರಿನ್ಯೂ ಕಂಪನಿ ಹಗಲು ರಾತ್ರಿ ವಿದ್ಯುತ್ ಕೊಡುವ ಯೋಜನೆಗೆ 100 ಕೋಟಿ ಡಾಲರ್ ವಿದೇಶಿ ಸಾಲ ಎತ್ತಿತು. ಎರಡು ರಾಜ್ಯಗಳಲ್ಲಿ ಸೇರಿ 900 ಮೆಗಾವಾಟ್ ಗಾಳಿ, ರಾಜಸ್ಥಾನದಲ್ಲಿ 400 ಮೆಗಾವಾಟ್ ಬಿಸಿಲು. ಸಾಲ ಕೊಟ್ಟವರು 12 ವಿದೇಶಿ ಸಂಸ್ಥೆಗಳು. ಮುಂದಾಳು ನೆದರ್‌ಲ್ಯಾಂಡ್ಸ್‌ನ ರಾಬೋಬ್ಯಾಂಕ್.

ಆ ಹೆಸರನ್ನು ಬಿಡಿಸಿ ನೋಡಬೇಕು. ‘ರಾ’ ಎಂದರೆ ರಾಯ್‌ಫೈಸೆನ್, ‘ಬೋ’ ಎಂದರೆ ರೈತರ ಸಾಲದ ಬ್ಯಾಂಕು ಎಂಬ ಡಚ್ ಪದದ ಮೊದಲಕ್ಷರ. ಎರಡು ರೈತ ಸಹಕಾರಿ ಒಕ್ಕೂಟಗಳು 1972ರಲ್ಲಿ ಒಂದಾಗಿ ಆದ ಬ್ಯಾಂಕು ಅದು. ಫ್ರೀಡ್ರಿಶ್ ವಿಲ್ಹೆಲ್ಮ್ ರಾಯ್‌ಫೈಸೆನ್ 19ನೇ ಶತಮಾನದ ಜರ್ಮನಿಯ ಊರೊಂದರ ಮೇಯರ್. ಸಾಹುಕಾರರ ಬಡ್ಡಿಯಲ್ಲಿ ಬೇಯುತ್ತಿದ್ದ ರೈತರಿಗೆ ಅವನು ಹೇಳಿಕೊಟ್ಟದ್ದು ಸರಳ: ಒಬ್ಬೊಬ್ಬರಿಗೆ ಸಾಲ ಹುಟ್ಟದಿದ್ದರೆ ಇಡೀ ಊರು ಸೇರಿ ಸಹಿ ಮಾಡಿ. ಒಬ್ಬ ತಪ್ಪಿದರೆ ಎಲ್ಲರೂ ಹೊಣೆ, ಮಿತಿಯಿಲ್ಲದ ಹೊಣೆ.

ಅದೇ ತತ್ವ 1904ರ ಭಾರತದ ಸಹಕಾರಿ ಕಾಯ್ದೆಗೆ ಬಂತು. ಹಳ್ಳಿಯ ಸಂಘಗಳಿಗೆ ಅನಿಯಮಿತ ಹೊಣೆಯನ್ನೇ ಕಾನೂನು ಬಯಸಿತು. ಮರುವರ್ಷ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು.

ಜಂಟಿ ಎಂಬ ಪದದ ಪೂರ್ತಿ ತೂಕ ಏನೆಂದು ಜಗತ್ತಿಗೆ ತೋರಿಸಿದ್ದು ಇಂಥ ಹಳ್ಳಿಗಳು. ಅದೇ ಬೇರಿನಿಂದ ಬೆಳೆದ ಬ್ಯಾಂಕು ಇಂದು ಇತರ ಹನ್ನೊಂದು ಸಾಲದಾತರನ್ನು ಕರೆದುಕೊಂಡು ನಮ್ಮ ಗಾಳಿಗೆ ಸಾಲ ಕೊಡಲು ಬರುತ್ತದೆ. ಈ ಸುತ್ತು ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ.

ಬಾಕ್ಸ್: ಒಂದು ಜಿಲ್ಲೆ, ಎರಡು ರಾಜ್ಯ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ, ಅಹ್ಮದ್‌ಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷ ಅವು ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಉಮರ್ಗಾ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲೇ ಉಳಿಯಿತು. ನಿಜಾಮನ ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಹತ್ತು ಕಟ್ಟುವ ಕಡೆ

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮಲ್ಲಿ ಗಾದೆಯಿದೆ. ಬುಕ್‌ರನ್ನರ್‌ಗಳ ವಿಷಯದಲ್ಲಿ ಅದನ್ನು ಸುಮ್ಮನೆ ಒಪ್ಪಲಾಗದು. ಹಲವರು ಇರುವುದಕ್ಕೆ ನಿಜವಾದ ಕಾರಣಗಳಿವೆ: ಒಬ್ಬನಿಗೆ ಜಪಾನಿನ ಫಂಡ್‌ಗಳ ಪರಿಚಯ, ಇನ್ನೊಬ್ಬನಿಗೆ ಸಣ್ಣ ಊರುಗಳ ಶಾಖೆಗಳ ಜಾಲ. ನಷ್ಟವೂ ಹಂಚಿಹೋಗುತ್ತದೆ. ಆದರೆ ಹೆಸರು ಹೆಚ್ಚಾದಂತೆ ಕೆಲಸ ಮಾಡದೆ ಹೆಸರಿಗಾಗಿ ನಿಲ್ಲುವವರೂ ಸೇರುತ್ತಾರೆ. ಪೇಟೆಯವರು ತಾವೇ ‘ಆ್ಯಕ್ಟಿವ್’, ‘ಪ್ಯಾಸಿವ್’ ಎಂದು ಬೇರೆ ಮಾಡಿ ಕರೆಯುತ್ತಾರೆ. ಪುಸ್ತಕ ಹಿಡಿಯುವವರು ಮೊದಲನೆಯವರು. ಎರಡನೆಯವರಿಗೆ ಶುಲ್ಕದ ಪಾಲು ಮಾತ್ರ.

ಭಾರತದ ಪ್ರಾಸ್ಪೆಕ್ಟಸ್‌ಗಳಲ್ಲಿ ಇದಕ್ಕೊಂದು ಮದ್ದಿದೆ, ಓದುವವರು ಕಡಿಮೆ. ಒಂದಕ್ಕಿಂತ ಹೆಚ್ಚು ಲೀಡ್ ಮ್ಯಾನೇಜರ್‌ಗಳಿದ್ದರೆ ಯಾವ ಕೆಲಸ ಯಾರದೆಂದು ಕೋಷ್ಟಕ ಹಾಕಲೇಬೇಕು. ಪ್ರಾಸ್ಪೆಕ್ಟಸ್ ಬರೆದವರು ಯಾರು, ವಿದೇಶಿ ಹೂಡಿಕೆದಾರರನ್ನು ಭೇಟಿ ಮಾಡಿದವರು ಯಾರು, ಬೆಲೆಯ ಮಾತುಕತೆ ಯಾರದು, ಮಾರಾಟದ ನಂತರದ ಕೆಲಸ ಯಾರದು, ಎಲ್ಲ ಅಲ್ಲಿದೆ. ‘ಸರಿಯಾಗಿ ವಿಚಾರಿಸಿದ್ದೇವೆ’ ಎಂದು ಸೆಬಿಗೆ ಅವರು ಪ್ರಮಾಣಪತ್ರವನ್ನೂ ಕೊಡಬೇಕು. ಸಾಲಪತ್ರಗಳ ಅರೇಂಜರ್‌ಗಿಂತ ಷೇರಿನ ಬುಕ್‌ರನ್ನರ್‌ಗೆ ನಮ್ಮ ಕಾನೂನು ಹೆಚ್ಚು ಹೊಣೆ ಹೊರಿಸಿದೆ.

ಸಣ್ಣ ಕಂಪನಿಗಳ ಎಸ್‌ಎಂಇ ಪೇಟೆಯಲ್ಲಿ ನಿಯಮ ಇನ್ನೂ ಗಟ್ಟಿ. ಅಲ್ಲಿ ಇಡೀ ಮಾರಾಟ ಅಂಡರ್‌ರೈಟ್ ಆಗಿರಬೇಕು. ಅದರಲ್ಲಿ ಕನಿಷ್ಠ ಶೇ 15 ಲೀಡ್ ಮ್ಯಾನೇಜರ್‌ನ ಸ್ವಂತ ಹೊಣೆ. ಆದರೂ 2024ರ ಆಗಸ್ಟಿನಲ್ಲಿ ಎರಡು ಶೋರೂಂ, ಎಂಟು ನೌಕರರಿದ್ದ ದೆಹಲಿಯ ಬೈಕ್ ವ್ಯಾಪಾರಿ ಕಂಪನಿಯೊಂದು 12 ಕೋಟಿ ಕೇಳಿದರೆ ಜನ ಸುಮಾರು 4,800 ಕೋಟಿಗೆ ಅರ್ಜಿ ಹಾಕಿದರು. ಅಂಥ ಜ್ವರ ಹತ್ತಿದ ದಿನ ಯಾರೂ ಕೊನೆಯ ಪುಟ ತೆರೆಯುವುದಿಲ್ಲ.

ಸಾಲದ ಕಡೆಯೂ ಗಾಳಿ ತಿರುಗುತ್ತಿದೆ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಯೋಜನಾ ಸಾಲದ ನಿರ್ದೇಶನಗಳಲ್ಲಿ ನಾನು ಎರಡೆರಡು ಸಲ ಓದಿದ ಸಾಲೊಂದಿದೆ. ನಿರ್ಮಾಣ ಹಂತದ ಯೋಜನೆಗೆ ಬ್ಯಾಂಕುಗಳ ಒಟ್ಟು ಸಾಲ 1,500 ಕೋಟಿಯವರೆಗಿದ್ದರೆ ಕೂಟದ ಯಾವ ಬ್ಯಾಂಕಿನ ಪಾಲೂ ಶೇ 10ಕ್ಕಿಂತ ಕಡಿಮೆ ಇರಬಾರದು. ಅದಕ್ಕೂ ದೊಡ್ಡದಾದರೆ ಶೇ 5 ಅಥವಾ 150 ಕೋಟಿ, ಯಾವುದು ಹೆಚ್ಚೋ ಅದು. ಚಿಟಿಕೆಯಷ್ಟು ಹಾಕಿ ಮುಂದಾಳುವಿನ ಹಿಂದೆ ಕಣ್ಣು ಮುಚ್ಚಿ ನಡೆಯುವ ಅಭ್ಯಾಸಕ್ಕೆ ಇದು ಕಡಿವಾಣ. ಸಾಲದ ಹತ್ತರಲ್ಲೊಂದು ಪಾಲು ಇಟ್ಟವನು ರಸ್ತೆ ನೋಡಲು ಬಂದಾನು.

ಉಮರ್ಗಾದ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಗಳಲ್ಲಿ ದೀಪಾವಳಿಯ ದಿನಗಳಲ್ಲಿ ಪುಣೆಯಿಂದ, ಹೈದರಾಬಾದಿನಿಂದ ರಜೆಗೆ ಬಂದ ಹುಡುಗರು ಕೂತಿರುತ್ತಾರೆ. ಕೈಯಲ್ಲಿ ಫೋನು. ಹೊಸ ಐಪಿಒಗೆ ಅರ್ಜಿ, ಯುಪಿಐನಲ್ಲಿ ಒಂದು ಒಪ್ಪಿಗೆ, ಎರಡು ನಿಮಿಷದ ಕೆಲಸ. ಪಕ್ಕದಲ್ಲಿ ಕುಳಿತ ಅಪ್ಪ ಅಡತ್ ಅಂಗಡಿಯಲ್ಲಿ ಬಾಳು ತೆಗೆದವನಾಗಿದ್ದರೆ ಒಂದೇ ಪ್ರಶ್ನೆ ಕೇಳಿಯಾನು: ಯಾರೂ ಕೊಳ್ಳದಿದ್ದರೆ ಯಾರು ಕೊಳ್ತಾರಪ್ಪಾ?

ಉತ್ತರ ಆ ಫೋನಿನಲ್ಲೇ ಇದೆ. ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್‌ನಲ್ಲಿ ‘ಅಂಡರ್‌ರೈಟಿಂಗ್ ಕರಾರು’ ಎಂಬ ತಲೆಬರಹ ಹುಡುಕಬೇಕು. ಅದರಡಿ ಒಂದು ಕೋಷ್ಟಕ: ಅಂಡರ್‌ರೈಟರ್‌ನ ಹೆಸರು, ವಿಳಾಸ, ಎಷ್ಟು ಷೇರು, ಎಷ್ಟು ಮೊತ್ತ. ಬೆಲೆ ಗೊತ್ತಾಗಿ ಹಂಚಿಕೆ ತೀರ್ಮಾನವಾದ ಮೇಲೆಯೇ ಆ ಕರಾರಿಗೆ ಸಹಿ ಬೀಳುವುದು ನಮ್ಮ ಪದ್ಧತಿ. ಹಾಗಾಗಿ ಹುಡುಗ ಅರ್ಜಿ ಹಾಕುವ ದಿನ ಕೋಷ್ಟಕ ಖಾಲಿ. ಈ ಭಾಗವನ್ನು ಬೇಕೆಂದೇ ಬಿಡಲಾಗಿದೆ, ಮುಂದೆ ತುಂಬಲಾಗುವುದು ಎಂಬ ಟಿಪ್ಪಣಿ. ಮೊತ್ತ ಇರಬೇಕಾದ ಮನೆಗಳಲ್ಲಿ, ಚೌಕ ಆವರಣದೊಳಗೆ, ಒಂದೊಂದು ಕಪ್ಪು ಚುಕ್ಕೆ.